ಅವಳಿಗೊಂದು ಪುಸ್ತಕದ ಕಪಾಟು

ದೇಶ ಸುತ್ತು, ಇಲ್ಲವೆ ಕೋಶ ಓದು ಎಂದು ಹಿರಿಯರು ಹೇಳುತ್ತಾರೆ. ಎಲ್ಲರಿಗೂ ಹೇಳಿದಂತೆ ಕಂಡರೂ ಈ ಮಾತು ಬಹಳ ಕಾಲ ಗಂಡುಮಕ್ಕಳ ಪಾಲಿಗೇ ಉಳಿದಿತ್ತು. ಹೆಣ್ಣುಮಗಳಿಗೆ ದೇಶ ಸುತ್ತುವ ಅನುಮತಿ ಇರಲಿಲ್ಲ. ಕೋಶ ಓದುವ ಪುರುಸೊತ್ತೂ ಇರಲಿಲ್ಲ. ಈಗ ಸುತ್ತಾಟವಾದರೂ ಸುಲಭವಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಖಾನಾಪುರದ ವಿದ್ಯಾರ್ಥಿನಿ ಟಿಕೆಟ್ಟಿನ ಹಣದ ಚಿಂತೆಯಿಲ್ಲದೆ ಸರ್ಕಾರಿ ಬಸ್ಸು ಹತ್ತಿ ಬೆಳಗಾವಿಗೆ ಬರಬಹುದು. ಬಂದವಳು ಪುಸ್ತಕದಂಗಡಿ ಹೊಕ್ಕರೆ ಮೊದಲು ಕಣ್ಣಿಗೆ ಬೀಳುವುದು ಗೈಡು, ಹಳೆಯ ಪ್ರಶ್ನೆಪತ್ರಿಕೆ, ಸ್ಪರ್ಧಾ ಪರೀಕ್ಷೆಯ ದಪ್ಪ ಹೊತ್ತಿಗೆ. ಇವೆಲ್ಲ ಬೇಕಾದವೇ. ಆದರೆ ತನ್ನಂಥ ಹೆಣ್ಣುಮಕ್ಕಳು ತಮ್ಮ ಬದುಕಿನ ಬಗ್ಗೆ ಬರೆದುಕೊಂಡ ಪುಸ್ತಕವನ್ನು ಅವಳು ಎಲ್ಲಿ ಹುಡುಕಬೇಕು?

ಬರೆದವರೇ ಇಲ್ಲ ಎನ್ನುವಂತಿಲ್ಲ. ಬರೆದದ್ದು ಉಳಿಯಲಿಲ್ಲ, ಅಷ್ಟೆ. ಬೆಳಗಾವಿ, ಖಾನಾಪುರಗಳ ಓಣಿಗಳಲ್ಲಿ ಕನ್ನಡದಷ್ಟೇ ಸಹಜವಾಗಿ ಕೇಳಿಬರುವ ಮರಾಠಿಯನ್ನೇ ನೋಡಿ. ತಾರಾಬಾಯಿ ಶಿಂದೆ 1882ರಲ್ಲಿ 'ಸ್ತ್ರೀ ಪುರುಷ ತುಲನಾ' ಎಂಬ ಪುಟ್ಟ ಪುಸ್ತಕ ಪ್ರಕಟಿಸಿದರು. ಒಂದೇ ತಪ್ಪಿಗೆ ಹೆಣ್ಣಿಗೊಂದು, ಗಂಡಿಗೊಂದು ತೀರ್ಪು ಏಕೆ ಎಂದು ನೇರವಾಗಿ ಕೇಳಿದ ಪುಸ್ತಕ ಅದು. ಸಿಟ್ಟು, ಟೀಕೆಗಳನ್ನು ಎದುರಿಸಿ ಕ್ರಮೇಣ ಮರೆಯಾಯಿತು. ಎಸ್.ಜಿ. ಮಾಳಶೆ ಅವರು ಅದನ್ನು ಮತ್ತೆ ಅಚ್ಚು ಹಾಕಿಸಿದ್ದು 1975ರಲ್ಲಿ. ನಡುವೆ ತೊಂಬತ್ತಕ್ಕೂ ಹೆಚ್ಚು ವರ್ಷ ಕಳೆದುಹೋಗಿದ್ದವು.

ಕನ್ನಡದ ಕಥೆಯೂ ಬೇರೆಯಲ್ಲ. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ ಮನೆಯಲ್ಲೇ ಓದು ಕಲಿತು, 1913ರಲ್ಲಿ 'ಸತೀ ಹಿತೈಷಿಣೀ' ಗ್ರಂಥಮಾಲೆಯನ್ನು ಆರಂಭಿಸಿದರು. ತಾವೇ ಬರೆದರು, ತಾವೇ ಪ್ರಕಟಿಸಿದರು. 'ಕರ್ನಾಟಕ ನಂದಿನಿ' ಎಂಬ ಪತ್ರಿಕೆಯನ್ನೂ ನಡೆಸಿದರು. ಅವರು 1982ರವರೆಗೆ ಬದುಕಿದ್ದರು. ಆದರೆ ಅವರು ಇರುವಾಗಲೇ ಸಾಹಿತ್ಯಲೋಕ ಅವರನ್ನು ಮರೆತುಬಿಟ್ಟಿತ್ತು. ಚಿ.ನ. ಮಂಗಳಾ ಅವರಂಥ ಲೇಖಕಿಯರು ಹುಡುಕಿ ನೆನಪಿಸಬೇಕಾಯಿತು. ಬರೆಯುವ ಕೈ ಇದ್ದರೆ ಸಾಲದು. ಆ ಪುಸ್ತಕವನ್ನು ಜೋಪಾನ ಮಾಡಿ, ಮುಂದಿನ ತಲೆಮಾರಿನ ಕೈಗಿಡುವ ಒಂದು ಜಾಗವೂ ಬೇಕು.

ಬೆಂಗಳೂರಿನಲ್ಲಿ ಅಂಥ ಜಾಗವೊಂದು 1984ರಲ್ಲಿ ಹುಟ್ಟಿತು. ಅದರ ಹೆಸರು 'ಸ್ತ್ರೀಲೇಖಾ'. 1979ರಲ್ಲಿ ಆರಂಭವಾದ 'ವಿಮೋಚನಾ' ಮಹಿಳಾ ಸಂಘಟನೆಯ ಗೆಳತಿಯರು ಕಟ್ಟಿದ, ಮಹಿಳೆಯರ ಪುಸ್ತಕಗಳಿಗೇ ಮೀಸಲಾದ ಮಳಿಗೆ ಅದು. ಉರ್ವಶಿ ಬುಟಾಲಿಯಾ ಮತ್ತು ರಿತು ಮೆನನ್ ದೆಹಲಿಯಲ್ಲಿ 'ಕಾಲಿ ಫಾರ್ ವಿಮೆನ್' ಪ್ರಕಾಶನ ತೆರೆದದ್ದೂ ಅದೇ ವರ್ಷ. ಹೊರದೇಶಗಳಲ್ಲಿ ಇಂಥ ಅಂಗಡಿಗಳು ಮೊದಲೇ ಇದ್ದವು. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ 1970ರಲ್ಲಿ ಹೆಂಗಸರು ತೆರೆದ ಪುಸ್ತಕದಂಗಡಿಗೆ 'ಅಮೆಜಾನ್' ಎಂದೇ ಹೆಸರು. ಇಂದು ಮನೆ ಬಾಗಿಲಿಗೆ ಸಾಮಾನು ತಲುಪಿಸುವ ದೊಡ್ಡ ಕಂಪನಿ ಹುಟ್ಟಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಹೆಸರಿಗಾಗಿ 1999ರಲ್ಲಿ ಈ ಪುಟ್ಟ ಅಂಗಡಿ ಆ ಕಂಪನಿಯ ಮೇಲೆ ದಾವೆ ಹೂಡಿತು. ಅದು ರಾಜಿಯಲ್ಲಿ ಮುಗಿಯಿತು. ಅಂಗಡಿ 2012ರಲ್ಲಿ ಬಾಗಿಲು ಹಾಕಿತು.

ಪುಸ್ತಕ ಮಾರುವವರಿಗೂ ಬೀದಿಯ ಹೋರಾಟಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಉತ್ತರ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿತ್ತು. 'ಸ್ಟೋವ್ ಸಿಡಿದು ಗೃಹಿಣಿ ಸಾವು' ಎಂಬ ಎರಡು ಸಾಲಿನ ಸುದ್ದಿ ಆ ವರ್ಷಗಳಲ್ಲಿ ಪತ್ರಿಕೆಯ ಮೂಲೆಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಸತ್ತವರಲ್ಲಿ ಬಹಳಷ್ಟು ಮಂದಿ ಹೊಸದಾಗಿ ಮದುವೆಯಾದವರು. ಸ್ಟೋವಿನ ಮುಂದೆ ಅತ್ತೆಯೂ ನಿಲ್ಲುತ್ತಾಳೆ, ಮಗಳೂ ನಿಲ್ಲುತ್ತಾಳೆ. ಸಿಡಿಯುವುದು ಸೊಸೆಯ ಪಾಳಿಯಲ್ಲೇ ಏಕೆ? ಡೋನಾ ಫರ್ನಾಂಡಿಸ್ ಮತ್ತು ವಿಮೋಚನಾದ ಇತರ ಕಾರ್ಯಕರ್ತೆಯರು 1990ರ ದಶಕದಲ್ಲಿ ಆ ವಾರ್ಡಿಗೆ ಹೋದರು, ಗಾಯಾಳುಗಳ ಮಾತು ಕೇಳಿದರು, ಪೊಲೀಸ್ ದಾಖಲೆಗಳನ್ನು ಒಂದೊಂದಾಗಿ ಓದಿದರು. 'ಆಕಸ್ಮಿಕ' ಎಂದು ಬರೆದು ಮುಚ್ಚಿದ ಕಡತಗಳನ್ನು ತೆರೆಯಿರಿ ಎಂದು ಸರ್ಕಾರವನ್ನು ಒತ್ತಾಯಿಸಿದರು. ಕಪ್ಪು ಉಡುಪು ತೊಟ್ಟು, ಘೋಷಣೆ ಕೂಗದೆ, ಬೀದಿಯಲ್ಲಿ ಮೌನವಾಗಿ ನಿಂತು ಪ್ರತಿಭಟಿಸುವ ರೀತಿಯನ್ನೂ ಅವರು ಬೆಂಗಳೂರಿಗೆ ಪರಿಚಯಿಸಿದರು. ಪುಸ್ತಕ ಓದುವ ಅಭ್ಯಾಸವೇ ಇಲ್ಲಿ ಕಡತ ಓದುವ ಅಭ್ಯಾಸವಾಯಿತು. ಒಂದು ಶಬ್ದದ ಹಿಂದೆ ಏನು ಅಡಗಿದೆ ಎಂದು ನೋಡುವುದು ಎರಡಕ್ಕೂ ಬೇಕಾದ ಗುಣವಲ್ಲವೆ?

ಕಾನೂನು ಏನು ಹೇಳುತ್ತದೆ ಎಂಬುದನ್ನು ಪಾಲಕರೂ ತಿಳಿದಿರಬೇಕು. ಮದುವೆಯಾದ 7 ವರ್ಷದೊಳಗೆ ಹೆಣ್ಣುಮಗಳು ಸುಟ್ಟಗಾಯದಿಂದಲೋ ಅಸಹಜ ಸ್ಥಿತಿಯಲ್ಲೋ ಸತ್ತು, ಸಾವಿಗೆ ಸ್ವಲ್ಪ ಮೊದಲು ವರದಕ್ಷಿಣೆಗಾಗಿ ಹಿಂಸೆಯಾಗಿತ್ತೆಂದು ಕಂಡುಬಂದರೆ ಅದು ವರದಕ್ಷಿಣೆ ಸಾವು. 1986ರಲ್ಲಿ ದಂಡಸಂಹಿತೆಗೆ ಸೇರಿದ ಈ ಅಂಶ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮಿನಲ್ಲಿದೆ. ಕನಿಷ್ಠ ಶಿಕ್ಷೆ 7 ವರ್ಷ ಸೆರೆವಾಸ. ಆದರೆ ಕಾನೂನು ಬರುವುದು ಕೊನೆಗೆ. ಅದಕ್ಕೆ ಮೊದಲು ಮಗಳು ತವರಿಗೆ ಬಂದು ಬಾಯಿ ಬಿಟ್ಟಿರುತ್ತಾಳೆ. 'ಹೊಂದಿಕೊಂಡು ಹೋಗವಾ' ಎಂದು ತಿರುಗಿ ಕಳಿಸಿದವರು ತಂದೆ ತಾಯಿಯೇ ಆಗಿರುತ್ತಾರೆ. ಆ ಹೊತ್ತಿಗೆ ಮಗಳ ಮಾತನ್ನು ನಂಬುವುದು ಯಾವ ಕಲಮಿನಲ್ಲೂ ಬರೆದಿಲ್ಲ. ಅದನ್ನು ಮನೆಯವರೇ ಕಲಿಯಬೇಕು.

ಬೆಂಗಳೂರಿನ ಮಾತು ಖಾನಾಪುರಕ್ಕೆ ಏಕೆ ಎನ್ನಬೇಕಾಗಿಲ್ಲ. ಕಾಡಂಚಿನ ಊರುಗಳ ಈ ತಾಲ್ಲೂಕಿನಲ್ಲಿ ಜಾಗೃತಿ ಮಹಿಳಾ ಒಕ್ಕೂಟ ಕೂಲಿಕಾರ ಹೆಂಗಸರನ್ನು ಸಂಘಟಿಸಿದೆ. ಉದ್ಯೋಗ ಖಾತ್ರಿಯ ಕೆಲಸ ಕೇಳಲು ಈ ಹೆಂಗಸರು ಪಂಚಾಯತಿಯ ಮೆಟ್ಟಿಲು ಹತ್ತಿದರು. 2005ರ ಆ ಕಾಯ್ದೆ ಕೆಲಸ ಕೇಳಿದವರಿಗೆ ದಿನಾಂಕ ಹಾಕಿದ ರಸೀತಿ ಕೊಡಬೇಕೆಂದಿತ್ತು. 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದಿತ್ತು. ರಸೀತಿಯಲ್ಲಿ ದಿನಾಂಕ ಇದೆಯೋ ಇಲ್ಲವೋ ಎಂದು ಓದಿ ಹೇಳುವವರಿಲ್ಲದಿದ್ದರೆ ಆ ಹಕ್ಕು ಹಾಳೆಯ ಮೇಲೇ ಉಳಿಯುತ್ತದೆ. ಹೆಬ್ಬೆಟ್ಟು ಒತ್ತುವ ತಾಯಿಯ ಪಕ್ಕದಲ್ಲಿ ಓದು ಬಲ್ಲ ಮಗಳು ಕೂತರೆ ಎಷ್ಟೋ ವ್ಯತ್ಯಾಸವಾಗುತ್ತದೆ. ಶಾಲೆಯ ಓದು ಅಂಕಪಟ್ಟಿಯನ್ನು ದಾಟಿ ಮನೆಗೆ ಉಪಯೋಗವಾಗುವುದು ಹೀಗೆಯೇ.

ಪ್ರತಿ ಊರಲ್ಲೂ ಒಂದು ಸ್ತ್ರೀಲೇಖಾ ತೆರೆಯುವುದು ಆಗದ ಮಾತು. ಆದರೆ ಒಂದು ಕಪಾಟು ಆಗದ ಮಾತಲ್ಲ. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. ಈಗ ಅವಕ್ಕೆ 'ಅರಿವು ಕೇಂದ್ರ' ಎಂಬ ಹೆಸರೂ ಇದೆ. 2020ರ ಮಕ್ಕಳ ದಿನದಂದು ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವದ ಅವಕಾಶ ಕಲ್ಪಿಸಲಾಯಿತು. 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ವಸೂಲಾಗುತ್ತದೆ. ಅಂದರೆ ಪುಸ್ತಕ ಕೇಳುವುದು ಯಾರ ಮುಂದೆಯೂ ಕೈ ಒಡ್ಡಿದಂತಲ್ಲ.

ವಿದ್ಯಾರ್ಥಿನಿಯರು ನಾಲ್ಕು ಮಂದಿ ಕೂಡಿ ಗ್ರಂಥಪಾಲಕರಿಗೆ ಒಂದು ಅರ್ಜಿ ಬರೆಯಲಿ: ಲೇಖಕಿಯರ ಪುಸ್ತಕಗಳಿಗೆ ಒಂದು ಕಪಾಟು ಬೇಕು, ಕನ್ನಡದವೂ ಇರಲಿ, ಮರಾಠಿಯವೂ ಇರಲಿ ಎಂದು. ತಿಂಗಳಿಗೊಂದು ಸಂಜೆ ಒಂದು ಪುಸ್ತಕ ಓದಿ ಮಾತಾಡಲಿ. ಅಕ್ಷರ ಬಾರದ ಅವ್ವ, ಆಯಿಯರೂ ಕೂತು ಕೇಳಲಿ. ತಮ್ಮಂದಿರನ್ನು ಹೊರಗೆ ನಿಲ್ಲಿಸಬೇಕಾಗಿಲ್ಲ. ನಾಳೆ ಅತ್ತೆಯ ಮನೆ ಎನಿಸಿಕೊಳ್ಳುವುದು ಅವರ ಮನೆಯೇ. ಪಾಲಕರು ಮಾಡಬೇಕಾದ್ದು ಇಷ್ಟೆ: ಆ ಸಂಜೆ ಮಗಳು ಮನೆಗೆ ಬರುವುದು ಅರ್ಧ ಗಂಟೆ ತಡವಾದರೆ ಎಲ್ಲಿಗೆ ಹೋಗಿದ್ದೆ ಎಂದು ಗದರುವ ಬದಲು, ಏನು ಓದಿದಿರಿ ಎಂದು ಕೇಳುವುದು.