ಆಕಾಶದಲ್ಲಿ ಪ್ರಯೋಗ: ಮೊದಲು ಕೇಳಬೇಕಾದ ಪ್ರಶ್ನೆಗಳು



ಈಚೆಗೆ ಶಾಲೆಯೊಂದಕ್ಕೆ ಭೇಟಿ ನೀಡಿದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಬಿಸಿಲಿಗೆ ನಾವು ಕೊಡೆ ಹಿಡೀತೀವಿ. ಭೂಮಿಗೂ ಒಂದು ಕೊಡೆ ಹಿಡಿದ್ರೆ ಆಗಲ್ವಾ?" ತರಗತಿಯೆಲ್ಲ ನಕ್ಕಿತು. ಆದರೆ ಅದು ನಕ್ಕು ಬಿಡುವ ಪ್ರಶ್ನೆಯಲ್ಲ. ಸೂರ್ಯನ ಬೆಳಕಿನ ಒಂದು ಸಣ್ಣ ಪಾಲನ್ನು ಬಾಹ್ಯಾಕಾಶಕ್ಕೆ ಹಿಂದಿರುಗಿಸಿ ಭೂಮಿಯನ್ನು ತಂಪಾಗಿಸಬಹುದೇ ಎಂದು ವಿಜ್ಞಾನಿಗಳು ಅಧ್ಯಯನ ಮಾಡುತ್ತಿದ್ದಾರೆ. ಇದಕ್ಕೆ ಸೋಲಾರ್ ಜಿಯೋಎಂಜಿನಿಯರಿಂಗ್ ಎಂದು ಹೆಸರು.

ಈ ಯೋಚನೆಗೆ ಪ್ರಕೃತಿಯಲ್ಲೇ ಉದಾಹರಣೆಯಿದೆ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದಾಗ ಸುಮಾರು 1.5ರಿಂದ 2 ಕೋಟಿ ಟನ್ ಸಲ್ಫರ್ ಡೈಆಕ್ಸೈಡ್ ವಾಯುಮಂಡಲದ ಮೇಲಿನ ಸ್ತರವಾದ ಸಮೋಷ್ಣ ಮಂಡಲವನ್ನು ಸೇರಿತು. ಅದರಿಂದಾದ ಆಮ್ಲದ ಸೂಕ್ಷ್ಮ ಹನಿಗಳು ಬೆಳಕನ್ನು ಚದುರಿಸಿದವು. ಮರುವರ್ಷ ಭೂಮಿಯ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಇಳಿಯಿತು. ಆದರೆ 1992ರಲ್ಲಿ ನೆಲದ ಮೇಲೆ ಬೀಳುವ ಮಳೆಯೂ ಕಡಿಮೆಯಾಯಿತು, ಓಝೋನ್ ಪದರವೂ ತೆಳುವಾಯಿತು.

ಹೀಗಿರುವಾಗ, ಈ ಕುರಿತ ಪ್ರಯೋಗಗಳ ಪರಿಸರ ಪರಿಣಾಮವನ್ನು ಅಳೆಯುವುದು ಹೇಗೆ? ಎರಡು ಘಟನೆಗಳನ್ನು ನೋಡೋಣ.

ಹಾರ್ವರ್ಡ್ ವಿಶ್ವವಿದ್ಯಾಲಯದ 'ಸ್ಕೋಪೆಕ್ಸ್' ಯೋಜನೆಯು ಬಲೂನಿನ ಮೂಲಕ ಸುಮಾರು 20 ಕಿ.ಮೀ. ಎತ್ತರದಲ್ಲಿ ಹೆಚ್ಚೆಂದರೆ 2 ಕಿ.ಗ್ರಾಂ. ಸುಣ್ಣದಕಲ್ಲಿನ ಪುಡಿಯನ್ನು ಹರಡಿ ನೋಡಬೇಕೆಂದಿತ್ತು. 2021ರಲ್ಲಿ ಸ್ವೀಡನ್ನಿನ ಕಿರುನಾದಲ್ಲಿ ನಡೆಯಬೇಕಿದ್ದ ಮೊದಲ ಹಾರಾಟ ಉಪಕರಣ ಪರೀಕ್ಷೆಗೆ ಮಾತ್ರ, ಪುಡಿ ಹರಡುವಂತಿರಲಿಲ್ಲ. ಆದರೂ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಸಂಘಟನೆಯು ತಮ್ಮನ್ನು ಕೇಳದೆ ನಿರ್ಧರಿಸಿದ್ದನ್ನು ವಿರೋಧಿಸಿತು. ಹಾರಾಟ ನಿಂತಿತು. 2024ರಲ್ಲಿ ಯೋಜನೆಯನ್ನೇ ಕೈಬಿಡಲಾಯಿತು.

ಅದೇ 2024ರ ಏಪ್ರಿಲ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಅಲಮೀಡಾ ನಗರದಲ್ಲಿ, ಈಗ ವಸ್ತುಸಂಗ್ರಹಾಲಯವಾಗಿರುವ ಹಳೆಯ ಯುದ್ಧನೌಕೆಯ ಮೇಲಿಂದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಸಮುದ್ರದ ಉಪ್ಪಿನ ಸೂಕ್ಷ್ಮ ಕಣಗಳನ್ನು ಸಿಂಪಡಿಸಿದರು. ಮೋಡಗಳನ್ನು ಹೆಚ್ಚು ಬೆಳ್ಳಗಾಗಿಸುವ ವಿಧಾನದ ಮೊದಲ ಹೆಜ್ಜೆ ಅದು. ನಗರಾಡಳಿತ ಅದನ್ನು ನಿಲ್ಲಿಸಿ ತಜ್ಞರಿಂದ ಪರಿಶೀಲನೆ ಮಾಡಿಸಿತು. ಆರೋಗ್ಯಕ್ಕೆ ಗುರುತಿಸಬಹುದಾದ ಅಪಾಯವಿಲ್ಲವೆಂಬ ವರದಿ ಬಂತು. ಆದರೂ ಜೂನ್‌ನಲ್ಲಿ ನಗರಸಭೆ ಅನುಮತಿ ನಿರಾಕರಿಸಿತು.

ಜನರಿಗೆ ವಿಜ್ಞಾನ ತಿಳಿಯದ್ದರಿಂದ ಹೀಗಾಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಊರ ಕೆರೆಗೆ ಯಾರೋ ಬಂದು, "ಒಂದು ಚಮಚ ಔಷಧಿ ಹಾಕಿ ನೋಡುತ್ತೇನೆ, ಏನೂ ಆಗುವುದಿಲ್ಲ" ಎಂದರೆ ಅದು ನಿಜವೇ ಇರಬಹುದು. ಆದರೂ ಊರವರು ಕೇಳುತ್ತಾರೆ: ಯಾರನ್ನು ಕೇಳಿ ಹಾಕುತ್ತೀಯ? ಇವತ್ತು ಚಮಚ, ನಾಳೆ ಎಷ್ಟು? ಪರಿಸರ ಪರಿಶೀಲನೆಯಲ್ಲಿ ಈ ಎರಡು ಪ್ರಶ್ನೆಗಳಿಗೂ ಸ್ಥಾನವಿರಬೇಕು. ಪುಡಿಯ ತೂಕ ನೋಡಿ 'ಅಪಾಯವಿಲ್ಲ' ಎಂದು ಬರೆದರೆ ಅದು ಆ ಒಂದು ಪ್ರಯೋಗದ ಉತ್ತರ ಮಾತ್ರ.

'ನಾಳೆ ಎಷ್ಟು' ಎಂಬ ಪ್ರಶ್ನೆ ನಮಗೂ ಸಂಬಂಧಿಸಿದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಜಿ. ಬಾಲ ಅವರ ತಂಡ ಇದನ್ನು ಕಂಪ್ಯೂಟರ್ ಮಾದರಿಗಳಲ್ಲಿ ಅಧ್ಯಯನ ಮಾಡಿದೆ. ಕಣಗಳನ್ನು ಉತ್ತರಾರ್ಧ ಗೋಳದಲ್ಲಿ ಹರಡಿದರೆ ಅಲ್ಲಿನ ಮಾನ್ಸೂನ್ ಮಳೆ ತಗ್ಗುತ್ತದೆ, ದಕ್ಷಿಣಾರ್ಧದಲ್ಲಿ ಹರಡಿದರೆ ಹೆಚ್ಚುತ್ತದೆ ಎಂದು ಆ ಮಾದರಿಗಳು ತೋರಿಸಿವೆ. ಎಲ್ಲಿಯೋ ಹಿಡಿದ ಕೊಡೆ ನಮ್ಮ ರಾಗಿ, ಜೋಳದ ಹೊಲದ ಮಳೆಯನ್ನು ಬದಲಿಸಬಹುದು.

ಹಾಗೆಂದು ಸಂಶೋಧನೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ತಿಳಿಯದೆ ಉಳಿಯುವುದೂ ಅಪಾಯವೇ. 2022ರಲ್ಲಿ ಅಮೆರಿಕದ ವ್ಯಕ್ತಿಯೊಬ್ಬರು ಯಾರನ್ನೂ ಕೇಳದೆ ಮೆಕ್ಸಿಕೊದಲ್ಲಿ ಸಲ್ಫರ್ ಡೈಆಕ್ಸೈಡ್ ತುಂಬಿದ ಬಲೂನುಗಳನ್ನು ಹಾರಿಬಿಟ್ಟರು. ಇಂಥ ಪ್ರಯೋಗಗಳನ್ನು ನಿಷೇಧಿಸುವುದಾಗಿ 2023ರ ಜನವರಿಯಲ್ಲಿ ಆ ದೇಶ ಪ್ರಕಟಿಸಿತು. ಕೇಳಿ ಮಾಡುವ ವಿಜ್ಞಾನಿಗಳಿಗೆ ದಾರಿಯಿಲ್ಲದಿದ್ದರೆ ಕೇಳದೆ ಮಾಡುವವರೇ ಮುಂದಾಗುತ್ತಾರೆ. ಆದ್ದರಿಂದ ಪರಿಶೀಲನೆ ಪ್ರಯೋಗಕ್ಕೆ ಮೊದಲೇ ಆಗಲಿ. ಅದನ್ನು ಪ್ರಯೋಗ ಮಾಡುವವರಲ್ಲದೆ ಬೇರೆಯವರು ಮಾಡಲಿ. ಸ್ಥಳೀಯರಿಗೆ ಅವರ ಭಾಷೆಯಲ್ಲೇ ತಿಳಿಸಲಿ. ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕೆಂದು ಮೊದಲೇ ಬರೆದಿಡಲಿ.

ನಿಮ್ಮ ತರಗತಿಯಲ್ಲಿ ಕೆರೆಯ ಉದಾಹರಣೆ ಹೇಳಿ, ಔಷಧಿ ಹಾಕುವವನಿಗೆ ಏನೇನು ಕೇಳುವಿರೆಂದು ಮಕ್ಕಳಿಂದಲೇ ಪಟ್ಟಿ ಮಾಡಿಸಿ. ಆ ಹುಡುಗಿಗೆ ನಾನು ಹೇಳಿದ್ದು ಇಷ್ಟೇ: "ಕೊಡೆ ಹಿಡಿಯಬಹುದೇನೋ ಮಗಳೇ. ಅದರ ಕೆಳಗೆ ಇರೋರು ನಾವೆಲ್ಲ. ಮೊದಲು ಎಲ್ಲರನ್ನೂ ಕೇಳಬೇಕು." ಅವಳು ಕೂಡಲೇ ಮತ್ತೆ ಕೇಳಿದಳು: "ಹಂಗಾದ್ರೆ ನಮ್ಮನ್ನ ಯಾವಾಗ ಕೇಳ್ತಾರೆ ಸಾರ್?"