ಹಿರಿಯರ ಆರೈಕೆ ಗೃಹಗಳಲ್ಲಿ ಕುಟುಂಬ ಮಂಡಳಿ: ಒಂಟಾರಿಯೊ ಪ್ರಾಂತದ ಅನುಭವ

ನಲವತ್ತು ಐವತ್ತು ವರ್ಷಗಳ ಹಿಂದೆ ವೈದ್ಯರಾಗಿ, ಎಂಜಿನಿಯರರಾಗಿ, ಅಧ್ಯಾಪಕರಾಗಿ ಉತ್ತರ ಅಮೆರಿಕಕ್ಕೆ ತೆರಳಿದ ನಮ್ಮ ಸಮಾಜದ ಬಂಧುಗಳು ಈಗ ಇಳಿವಯಸ್ಸಿನಲ್ಲಿದ್ದಾರೆ. ಮಕ್ಕಳೊಡನೆ ಇರಲೆಂದು ಆನಂತರ ಅಲ್ಲಿಗೆ ಹೋದ ತಂದೆತಾಯಂದಿರೂ ಇದ್ದಾರೆ. ಮನೆಯಲ್ಲಿಯೇ ನೋಡಿಕೊಳ್ಳುವುದು ಸಾಧ್ಯವಾಗದ ಸ್ಥಿತಿ ಕೆಲವರಿಗೆ ಬಂದಿದೆ. ಪಾರ್ಶ್ವವಾಯು, ಮರೆವಿನ ಕಾಯಿಲೆ, ಇಪ್ಪತ್ತನಾಲ್ಕು ಗಂಟೆಯೂ ದಾದಿಯರ ನೆರವು ಬೇಕಾಗುವ ದೌರ್ಬಲ್ಯ ಇವುಗಳ ಮುಂದೆ ಮಕ್ಕಳ ಭಕ್ತಿಯೊಂದೇ ಸಾಲದು. ಹಿರಿಯರನ್ನು ಆರೈಕೆ ಗೃಹಕ್ಕೆ ಸೇರಿಸಿದ ಕುಟುಂಬಗಳನ್ನು ಕುರಿತು ಹಗುರವಾಗಿ ಮಾತನಾಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಆ ಮಾತನ್ನು ನಾವು ಒಪ್ಪುವುದಿಲ್ಲ. ಸೇರಿಸಿದ ನಂತರ ಕುಟುಂಬದವರು ಏನು ಮಾಡಬಲ್ಲರು ಎಂಬುದೇ ವಿಚಾರ ಮಾಡಬೇಕಾದ ಸಂಗತಿ. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಈ ವಿಚಾರಕ್ಕೆ ಕಾನೂನಿನ ಆಧಾರವೇ ಇದೆ.

ಆ ಪ್ರಾಂತದಲ್ಲಿ 600ಕ್ಕೂ ಹೆಚ್ಚು ದೀರ್ಘಾವಧಿ ಆರೈಕೆ ಗೃಹಗಳಿವೆ. 70 ಸಾವಿರಕ್ಕೂ ಹೆಚ್ಚು ಹಿರಿಯರು ಅವುಗಳಲ್ಲಿ ವಾಸಿಸುತ್ತಾರೆ. ಅರ್ಧಕ್ಕಿಂತ ಹೆಚ್ಚು ಗೃಹಗಳು ಲಾಭಕ್ಕಾಗಿ ನಡೆಯುವ ಸಂಸ್ಥೆಗಳ ಕೈಯಲ್ಲಿವೆ. ಉಳಿದವು ಧರ್ಮಾರ್ಥ ಸಂಸ್ಥೆಗಳವು ಹಾಗೂ ನಗರಸಭೆಗಳವು. ಒಡೆತನ ಯಾರದಾದರೂ ಸರ್ಕಾರದ ಪರವಾನಗಿ, ಹಣ ಮತ್ತು ತಪಾಸಣೆ ಎಲ್ಲಕ್ಕೂ ಉಂಟು. ಇಷ್ಟಿದ್ದೂ 2020ರ ಕೋವಿಡ್ ಕಾಲದಲ್ಲಿ ಆ ಗೃಹಗಳಲ್ಲಿ ನಡೆದದ್ದು ಲೋಕಕ್ಕೆಲ್ಲ ತಿಳಿದಿದೆ. ಸಿಬ್ಬಂದಿ ಸಾಲದೆ ಸೈನ್ಯವನ್ನೇ ಕರೆಸಬೇಕಾಯಿತು. ಐದು ಗೃಹಗಳನ್ನು ಕುರಿತು ಸೈನಿಕರು ಬರೆದ ವರದಿ ಆ ವರ್ಷದ ಮೇ ತಿಂಗಳಲ್ಲಿ ಬಹಿರಂಗವಾಯಿತು. ಜಿರಲೆಗಳು, ಸ್ನಾನ ಕಾಣದ ದೇಹಗಳು, ಸಹಾಯಕ್ಕಾಗಿ ಕೂಗಿ ಕೂಗಿ ಬಹಳ ಹೊತ್ತು ಕಾದ ವೃದ್ಧರು ಅದರಲ್ಲಿ ದಾಖಲಾಗಿದ್ದಾರೆ. ಪ್ರಾಂತ ನೇಮಿಸಿದ ಆಯೋಗವು 2021ರ ಏಪ್ರಿಲ್‌ನಲ್ಲಿ ವರದಿ ಒಪ್ಪಿಸುವ ವೇಳೆಗೆ ಸುಮಾರು 4,000 ನಿವಾಸಿಗಳು ತೀರಿಹೋಗಿದ್ದರು.

ಆ ದುರಂತದಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. 2020ರ ಮಾರ್ಚ್‌ನಲ್ಲಿ ಸೋಂಕಿನ ಭಯದಿಂದ ಕುಟುಂಬದವರ ಪ್ರವೇಶವನ್ನು ನಿಲ್ಲಿಸಲಾಯಿತು. ಮಧ್ಯಾಹ್ನ ಬಂದು ತಾಯಿಗೆ ತುತ್ತು ಉಣಿಸುತ್ತಿದ್ದ ಮಗಳು, ಸಂಜೆ ಬಂದು ಗಂಡನನ್ನು ಮಗ್ಗುಲು ಹೊರಳಿಸುತ್ತಿದ್ದ ಹೆಂಡತಿ ಹೊರಗುಳಿದರು. ಅವರು ಕೇವಲ ನೋಡಲು ಬರುವವರಲ್ಲ, ಆರೈಕೆಯ ದೊಡ್ಡ ಪಾಲನ್ನು ಸದ್ದಿಲ್ಲದೆ ಹೊತ್ತವರು ಎಂಬುದು ಅವರು ಇಲ್ಲವಾದಾಗಲೇ ಆಡಳಿತಕ್ಕೆ ಅರಿವಾಯಿತು. 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯು, ಆರೈಕೆ ಮಾಡುವ ಆಪ್ತರ ನಿರಂತರ ಬೆಂಬಲ ಪಡೆಯುವುದನ್ನು ನಿವಾಸಿಯ ಹಕ್ಕೆಂದು ಬರೆದಿದೆ.

ಕುಟುಂಬ ಮಂಡಳಿಯ ಏರ್ಪಾಡು ಮಾತ್ರ ಅದಕ್ಕಿಂತ ಹಳೆಯದು. 2007ರ ಕಾಯ್ದೆಯಲ್ಲಿ ಇದ್ದದ್ದೇ ಹೊಸ ಕಾಯ್ದೆಯಲ್ಲಿಯೂ ಮುಂದುವರಿದಿದೆ. ನಿವಾಸಿಯ ಕುಟುಂಬದವರು ಮಾತ್ರವಲ್ಲ, ಅವರಿಗೆ ಬೇಕಾದ ಯಾರೇ ಆಪ್ತರೂ ಮಂಡಳಿಯ ಸದಸ್ಯರಾಗಬಹುದು. ಗೃಹದ ಒಡೆಯರು, ಆಡಳಿತಾಧಿಕಾರಿ, ಸಿಬ್ಬಂದಿ ಸದಸ್ಯರಾಗುವಂತಿಲ್ಲ; ಮಂಡಳಿ ಕರೆದರೆ ಮಾತ್ರ ಆಡಳಿತದವರು ಸಭೆಗೆ ಬರಬಹುದು. ಮಂಡಳಿ ಬೇಕೆಂದು ಒಬ್ಬರು ಕೇಳಿದರೂ ಸಾಕು, 30 ದಿನಗಳೊಳಗೆ ಅದನ್ನು ಸ್ಥಾಪಿಸಲು ಗೃಹವು ನೆರವಾಗಬೇಕು. ತಪಾಸಣಾ ವರದಿಗಳನ್ನೂ, ಸರ್ಕಾರದ ಹಣವೂ ನಿವಾಸಿಗಳು ಕಟ್ಟಿದ ಹಣವೂ ಹಂಚಿಕೆಯಾದ ಬಗೆಯನ್ನೂ ಪರಿಶೀಲಿಸುವ ಅಧಿಕಾರ ಮಂಡಳಿಗೆ ಇದೆ. ಎಲ್ಲಕ್ಕಿಂತ ಮುಖ್ಯವಾದ ವಿಧಿ ಇನ್ನೊಂದು: ಮಂಡಳಿ ತಿಳಿಸಿದ ಕಾಳಜಿ ಅಥವಾ ಸಲಹೆಗೆ ಗೃಹವು 10 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕು.

ಒಬ್ಬ ಮಗನ ದೂರಿಗೂ ಮಂಡಳಿಯ ಪತ್ರಕ್ಕೂ ಇರುವ ವ್ಯತ್ಯಾಸ ಇಲ್ಲಿ ಗೋಚರಿಸುತ್ತದೆ. ತಂದೆಯ ಉಣ್ಣೆಯ ಅಂಗಿ ಒಗೆಯಲು ಹೋಗಿ ಮರಳಿ ಬರಲಿಲ್ಲವೆಂದು ಒಬ್ಬರು ಹೇಳಿದರೆ ಅದು ಒಂದು ಅಂಗಿಯ ಮಾತು. ಹುಡುಕುತ್ತೇವೆ ಎಂಬ ಉತ್ತರ ಬರುತ್ತದೆ. ಅದೇ ಮಹಡಿಯ ಹನ್ನೆರಡು ಮನೆತನದವರು ಕೂಡಿ, ಎರಡು ತಿಂಗಳಲ್ಲಿ ಕಳೆದ ಬಟ್ಟೆ, ಕನ್ನಡಕ, ಶ್ರವಣಯಂತ್ರ, ಕಟ್ಟಿಸಿದ ಹಲ್ಲುಗಳ ಪಟ್ಟಿ ಕೊಟ್ಟರೆ ಅದು ವ್ಯವಸ್ಥೆಯ ಮಾತಾಗುತ್ತದೆ. ಹೆಸರು ಹೊಲಿಯುವವರು ಯಾರು, ಒಗೆದ ಬಟ್ಟೆ ಯಾವ ದಿನ ಯಾವ ಕಪಾಟಿಗೆ ಮರಳಬೇಕು ಎಂಬ ಪ್ರಶ್ನೆಗೆ ಆಗ ಬರಹದಲ್ಲಿ ಉತ್ತರ ಬೇಕಾಗುತ್ತದೆ. ಮತ್ತೊಂದು ಲಾಭವೂ ಇದೆ. ನಾನು ದೂರಿದರೆ ಅದರ ಸಿಟ್ಟು ಹಾಸಿಗೆಯಲ್ಲಿರುವ ತಾಯಿಯ ಮೇಲೆ ತಿರುಗೀತೇ ಎಂಬ ಭಯ ಯಾವ ದೇಶದ ಮಕ್ಕಳನ್ನೂ ಬಿಟ್ಟಿಲ್ಲ. ಹಾಗೆ ಸೇಡು ತೀರಿಸುವುದನ್ನು ಕಾಯ್ದೆ ನಿಷೇಧಿಸಿದೆ ನಿಜ, ಆದರೆ ಕಾಯ್ದೆಯ ಪುಟ ರಾತ್ರಿ ಎರಡು ಗಂಟೆಗೆ ಹಾಸಿಗೆಯ ಬಳಿ ನಿಂತಿರುವುದಿಲ್ಲ. ಮಂಡಳಿಯ ಪತ್ರದಲ್ಲಿ ಯಾರೊಬ್ಬರ ಹೆಸರೂ ಎದ್ದು ಕಾಣದು.

ಇಂಥ ಮಂಡಳಿಗಳಿಗೆ ಹುಟ್ಟಿನಿಂದಲೇ ಒಂದು ದೌರ್ಬಲ್ಯವಿದೆ. ಗೃಹಕ್ಕೆ ಬರುವ ಹೆಚ್ಚಿನ ಹಿರಿಯರ ವಾಸ್ತವ್ಯ ಕೆಲವೇ ವರ್ಷಗಳದು. ಹಿರಿಯರು ಲಿಂಗೈಕ್ಯರಾದರೆ, ನಿಧನರಾದರೆ, ಅವರ ಮನೆಯವರಿಗೆ ಆ ಗೃಹದ ನಂಟು ಮುಗಿಯುತ್ತದೆ. ಪತ್ರ ಬರೆಯಲು, ವರದಿ ಓದಲು, ಆಡಳಿತದೊಡನೆ ಸಮಾಧಾನದಿಂದ ಮಾತನಾಡಲು ಕಲಿತವರು ಕಲಿತ ಹೊತ್ತಿಗೆ ಹೊರಟುಹೋಗುತ್ತಾರೆ. ಹೊಸದಾಗಿ ಬಂದವರು ದುಃಖ, ಗೊಂದಲ, ಪಾಪಪ್ರಜ್ಞೆಗಳ ಭಾರದಲ್ಲಿ ಮೊದಲ ಅಕ್ಷರದಿಂದ ತೊಡಗಬೇಕು. ಆಡಳಿತವಾದರೋ ಎಲ್ಲಿಗೂ ಹೋಗುವುದಿಲ್ಲ. ಒಂದು ಗೃಹದ ಮಂಡಳಿ ತಾನೊಂದೇ ಇದ್ದರೆ ಅದಕ್ಕೆ ನೆನಪೇ ಉಳಿಯುವುದಿಲ್ಲ ಎಂದು ನಾವು ಹೇಳುವುದು ಈ ಕಾರಣಕ್ಕೆ. ಮಂಡಳಿಗಳು ತಮ್ಮ ತಮ್ಮೊಳಗೆ ಅನುಭವ ಹಂಚಿಕೊಳ್ಳುವುದರ ಮಹತ್ವವೂ ಇಲ್ಲಿಯೇ ಇದೆ. ಪ್ರಾಂತದ ಮಟ್ಟದಲ್ಲಿ ‘ಫ್ಯಾಮಿಲಿ ಕೌನ್ಸಿಲ್ಸ್ ಒಂಟಾರಿಯೊ’ ಎಂಬ ಸಂಸ್ಥೆಯು ಮಂಡಳಿಗಳಿಗೆ ತರಬೇತಿ, ಮಾರ್ಗದರ್ಶನ ನೀಡುತ್ತದೆ. ಒಟ್ಟಾವಾ ಸುತ್ತಿನ ಷಾಂಪ್ಲೇನ್ ವಲಯದಂತಹ ಕಡೆಗಳಲ್ಲಿ ಹಲವು ಗೃಹಗಳ ಮಂಡಳಿಗಳು ಒಂದೇ ಜಾಲವಾಗಿ ಕೂಡಿವೆ. ಒಂದು ಮಂಡಳಿ ಸದಸ್ಯರಿಲ್ಲದೆ ಸೊರಗಿದರೂ ಅದು ಕಂಡುಕೊಂಡ ಉಪಾಯ ಪಕ್ಕದ ಊರಿನಲ್ಲಿ ಉಳಿಯುತ್ತದೆ.

ಹಂಚಿಕೊಳ್ಳಬೇಕಾದ ಉಪಾಯಗಳು ಬಹುಪಾಲು ಚಿಕ್ಕವು. ಹಾಸಿಗೆಯ ತಲೆದೆಸೆಯಲ್ಲಿ ಒಂದು ಹಾಳೆ: ಈ ತಾಯಿ ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು, ಎಡಗಿವಿ ಕೇಳಿಸದು, ಗದ್ದಲವಾದರೆ ಹೆದರುತ್ತಾರೆ, ಇಂಥ ಹೆಸರಿನಿಂದ ಕರೆದರೆ ತಿರುಗಿ ನೋಡುತ್ತಾರೆ. ವಾರಕ್ಕೊಮ್ಮೆ ಬದಲಾಗುವ ಸಹಾಯಕರಿಗೆ ಇದು ದಪ್ಪ ಕಡತಕ್ಕಿಂತ ಹೆಚ್ಚು ಉಪಯುಕ್ತ. ಹೊಸ ಕುಟುಂಬಕ್ಕೆ ಮೊದಲ ವಾರದಲ್ಲಿಯೇ ಮಂಡಳಿಯ ಒಬ್ಬ ಸದಸ್ಯರು ದೂರವಾಣಿ ಮಾಡುವುದು ಇನ್ನೊಂದು. ಕರೆಗಂಟೆ ಒತ್ತಿದ ಮೇಲೆ ಎಷ್ಟು ನಿಮಿಷಕ್ಕೆ ಯಾರು ಬಂದರು ಎಂಬುದನ್ನು ತಿಂಗಳುಗಟ್ಟಲೆ, ಸಂಜೆ ಮತ್ತು ಭಾನುವಾರಗಳನ್ನು ಬಿಡದೆ, ಬರೆದಿಡುವುದು ಮತ್ತೂ ಒಂದು. ಊಟದ ಹೊತ್ತಿನಲ್ಲಿ ಕೈ ನಡುಗುವ ನಾಲ್ವರಿಗೆ ಒಬ್ಬರೇ ಉಣಿಸುತ್ತಿದ್ದಾರೆ ಎಂಬುದು ಕಣ್ಣಿಗೆ ಬಿದ್ದರೆ, ಆ ಸಹಾಯಕಿಯನ್ನು ದೂರುವುದಲ್ಲ, ಆ ಹೊತ್ತಿನ ಪಾಳಿಯನ್ನು ಹೇಗೆ ಹೊಂದಿಸಬಹುದೆಂದು ಕೇಳುವುದು. ಈಗ ಅಲ್ಲಿನ ನಿಯಮದಂತೆ ಪ್ರತಿ ಗೃಹದ ಗುಣಮಟ್ಟ ಸುಧಾರಣಾ ಸಮಿತಿಯಲ್ಲಿ ಕುಟುಂಬ ಮಂಡಳಿ ಇದ್ದಲ್ಲಿ ಅದರ ಒಬ್ಬ ಸದಸ್ಯರಿರಬೇಕು. ಬರೆದಿಟ್ಟ ಲೆಕ್ಕವಿಲ್ಲದೆ ಆ ಕುರ್ಚಿಯಲ್ಲಿ ಕುಳಿತವರು ಚಹಾ ಕುಡಿದು ಬರುವುದಷ್ಟೇ ಆಗುತ್ತದೆ.

ನಮ್ಮ ಸಮಾಜಕ್ಕೆ ನೇರವಾಗಿ ತಟ್ಟುವ ವಿಷಯಕ್ಕೆ ಬರೋಣ. ಆ ಪ್ರಾಂತದ ನಿಯಮವು ಪ್ರತಿ ನಿವಾಸಿಗೆ ವಾರಕ್ಕೆ ಕನಿಷ್ಠ ಎರಡು ಸ್ನಾನವೆಂದು ಹೇಳುತ್ತದೆ. ನಿತ್ಯ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಕರಸ್ಥಲಕ್ಕೆ ತಂದುಕೊಳ್ಳದೆ ಬಾಯಿಗೆ ನೀರೂ ಹಾಕದ ಹಿರಿಯರಿಗೆ ಆ ಕನಿಷ್ಠವು ಏನಾಗಿ ತೋರೀತು ಎಂಬುದನ್ನು ಓದುಗರು ಊಹಿಸಬಲ್ಲರು. ಸಹಾಯಕರ ಕಣ್ಣಿಗೆ ಕೊರಳಿನ ಕರಡಿಗೆ ಒಂದು ಬೆಳ್ಳಿಯ ಆಭರಣ. ಸ್ನಾನಕ್ಕೆ ಮುನ್ನ ಬಿಚ್ಚಿ, ಬೆಲೆಬಾಳುವ ವಸ್ತುವೆಂದು ಕಪಾಟಿನಲ್ಲಿಟ್ಟು ಬೀಗ ಹಾಕುವುದು ಅವರ ಪಾಲಿಗೆ ಜಾಗರೂಕತೆ. ಮರೆವಿನ ಕಾಯಿಲೆಯ ಹಿರಿಯರಿಗೆ ಅದನ್ನು ವಿವರಿಸುವ ಇಂಗ್ಲಿಷ್ ಹೋಗಿರುತ್ತದೆ, ಕನ್ನಡವೂ ತಡವರಿಸುತ್ತಿರುತ್ತದೆ. ಎದೆಯನ್ನು ಮತ್ತೆ ಮತ್ತೆ ತಡಕುವ ಕೈಯನ್ನು ಅಲ್ಲಿನವರು ಚಡಪಡಿಕೆ ಎಂದು ಬರೆದುಕೊಂಡರೆ ಆಶ್ಚರ್ಯವಿಲ್ಲ. ಇಲ್ಲಿ ಯಾರದೂ ದುರುದ್ದೇಶವಿಲ್ಲ, ಹೇಳುವವರಿಲ್ಲ, ಅಷ್ಟೆ.

ಹೇಳಲು ದಾರಿ ಇದೆ. ನಿವಾಸಿಗಳು ತಮ್ಮ ಧಾರ್ಮಿಕ ಆಚರಣೆ ನಡೆಸಿಕೊಳ್ಳಲು ಅವಕಾಶ ಕಲ್ಪಿಸುವ ಕಾರ್ಯಕ್ರಮ ಪ್ರತಿ ಗೃಹದಲ್ಲಿ ಇರಬೇಕೆಂದು ಕಾಯ್ದೆ ವಿಧಿಸಿದೆ. ಸೇರಿದ ಆರು ವಾರಗಳೊಳಗೆ, ಆನಂತರ ವರ್ಷಕ್ಕೊಮ್ಮೆಯಾದರೂ, ಆರೈಕೆ ಮಾಡುವವರು ಮನೆಯವರೊಡನೆ ಕುಳಿತು ಚರ್ಚಿಸಬೇಕೆಂಬ ನಿಯಮವೂ ಇದೆ. ಲಿಂಗಧಾರಣೆಯ ಅರ್ಥ, ಅದನ್ನು ಮುಟ್ಟುವ ರೀತಿ, ಮೊಟ್ಟೆಯೂ ಸೇರದ ಶಾಕಾಹಾರ ಇವು ಆ ಸಭೆಯಲ್ಲಿ ಆರೈಕೆಯ ಯೋಜನೆಯೊಳಗೆ ಬರಹದಲ್ಲಿ ಸೇರಬೇಕು. ಮಿಸ್ಸಿಸಾಗಾ, ಬ್ರಾಂಪ್ಟನ್ ಕಡೆಯ ಒಂದು ಗೃಹದಲ್ಲಿ ನಮ್ಮವರ ಮನೆ ಒಂದೇ ಇರಬಹುದು. ಆದರೆ ಸಿಖ್ಖರ ಕೇಶ, ಕೃಪಾಣಗಳ ಕುರಿತು, ಜೈನರ ಆಹಾರದ ಕುರಿತು ಇದೇ ಪ್ರಶ್ನೆ ಎದುರಿಸುವ ಕುಟುಂಬಗಳು ಅಕ್ಕಪಕ್ಕದಲ್ಲಿರುತ್ತವೆ. ಮಂಡಳಿಯಲ್ಲಿ ಅವರೊಡನೆ ಕೂಡಿ ಕೇಳಿದ ಮಾತು ಒಂಟಿ ಮನೆಯ ವಿಚಿತ್ರ ಬೇಡಿಕೆಯಾಗಿ ಉಳಿಯುವುದಿಲ್ಲ. ಅಮೆರಿಕದಲ್ಲಿರುವ ಬಂಧುಗಳಿಗೂ ಇದು ಅನ್ವಯಿಸುತ್ತದೆ: ಅಲ್ಲಿ 1987ರ ಶುಶ್ರೂಷಾ ಗೃಹ ಸುಧಾರಣಾ ಕಾನೂನಿನಿಂದ ಕುಟುಂಬಗಳಿಗೆ ಗೃಹದಲ್ಲಿಯೇ ಸಭೆ ಸೇರುವ ಹಕ್ಕು ದೊರೆತಿದೆ.

ಮಂಡಳಿಗಳಿಂದ ಎಲ್ಲವೂ ಸರಿಯಾಗುತ್ತದೆಂದು ನಾವು ಹೇಳುತ್ತಿಲ್ಲ. ಒಂಟಾರಿಯೊದ ಕಾಯ್ದೆಯಲ್ಲಿ ನಿವಾಸಿಗಳ ಮಂಡಳಿ ಇರಲೇಬೇಕು, ಕುಟುಂಬ ಮಂಡಳಿ ಇರಬಹುದು. ಈ ‘ಬೇಕು’, ‘ಬಹುದು’ಗಳ ನಡುವೆ ಎಷ್ಟೋ ಗೃಹಗಳು ಜಾರಿಕೊಳ್ಳಬಲ್ಲವು. ಕೆಲವು ಕಡೆ ಮಂಡಳಿಗೆ ಹಬ್ಬದ ತೋರಣ ಕಟ್ಟುವ, ಚಂದಾ ಎತ್ತುವ ಕೆಲಸ ಒಪ್ಪಿಸಿ ಆಡಳಿತ ನೆಮ್ಮದಿಯಾಗಿರಲೂಬಹುದು. ತೋರಣ ಬೇಡವೆಂದಲ್ಲ, ತೋರಣವೇ ಸಾಕೆಂದರೆ ಮಂಡಳಿ ಸತ್ತಂತೆ. ಸಿಬ್ಬಂದಿಯ ಕೊರತೆಯನ್ನಂತೂ ಯಾವ ಮಂಡಳಿಯೂ ನೀಗಿಸಲಾರದು. ಪ್ರತಿ ನಿವಾಸಿಗೆ ದಿನಕ್ಕೆ ಸರಾಸರಿ 4 ಗಂಟೆಗಳ ನೇರ ಆರೈಕೆ ಎಂಬ ಗುರಿಗೆ 2025ರ ಮಾರ್ಚ್ 31ರ ಗಡುವು ಹಾಕಲಾಗಿತ್ತು. ಗಡುವು ಕಳೆದಿದೆ. ಅದು ಇಡೀ ಪ್ರಾಂತದ ಸರಾಸರಿಯೇ ಹೊರತು ಪ್ರತಿ ಗೃಹ ಕೊಡಲೇಬೇಕಾದ ಕನಿಷ್ಠವಲ್ಲ. ಒಂದು ಗೃಹದ ಮೂರನೆಯ ಮಹಡಿಯಲ್ಲಿ ಶನಿವಾರ ರಾತ್ರಿ ಎಷ್ಟು ಜನ ಇದ್ದರು ಎಂಬುದನ್ನು ಆ ಸರಾಸರಿ ಹೇಳುವುದಿಲ್ಲ. ಅಲ್ಲಿ ಕುಳಿತಿದ್ದ ಮಗಳು ಹೇಳಬಲ್ಲಳು. ಭೇಟಿಗೆ ಯಾರೂ ಬಾರದ ನಿವಾಸಿಗಳ ಪರವಾಗಿಯೂ ಅವಳೇ ಹೇಳಬೇಕಾಗುತ್ತದೆ, ಏಕೆಂದರೆ ಅವರಿಗೆ ಮಂಡಳಿಯಲ್ಲಿ ಕೂರುವವರಿಲ್ಲ.

ಕರ್ನಾಟಕದಲ್ಲಿ ಮಕ್ಕಳನ್ನು ವಿದೇಶಕ್ಕೆ ಕಳುಹಿಸಿ ವೃದ್ಧಾಶ್ರಮ ಸೇರಿದ ತಂದೆತಾಯಂದಿರು ನಮ್ಮ ಓದುಗರಲ್ಲಿಯೇ ಇದ್ದಾರೆ. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ 2007ರ ಕೇಂದ್ರ ಕಾಯ್ದೆಯು ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಆಶ್ರಯ ನೀಡಬಲ್ಲ ವೃದ್ಧಾಶ್ರಮಗಳನ್ನು ಹಂತಹಂತವಾಗಿ ಸ್ಥಾಪಿಸುವ ಮಾತನ್ನು ಆಡುತ್ತದೆ. ಒಳಗಿರುವವರ ಕುಟುಂಬಗಳು ಕೂಡಿ ಮಾತನಾಡುವ ಏರ್ಪಾಡನ್ನು ಆ ಕಾಯ್ದೆ ಮಾಡಿಲ್ಲ. ಆದರೆ ಕುಟುಂಬದವರನ್ನು ಕೂಡಿಸಲು ಕಾಯ್ದೆಯ ಅಪ್ಪಣೆ ಬೇಕಿಲ್ಲ. ಮಠಗಳೂ ಧರ್ಮಸಂಸ್ಥೆಗಳೂ ನಡೆಸುವ ಆಶ್ರಮಗಳಲ್ಲಿ ಅಡ್ಡಿಯಾಗುವುದು ಬೇರೊಂದು ಭಾವ. ದಾಸೋಹದಲ್ಲಿ ಉಣಿಸುವವರನ್ನು ಪ್ರಶ್ನಿಸುವುದು ಕೃತಘ್ನತೆ ಎಂದು ಮನೆಯವರು ಸಂಕೋಚಪಡುತ್ತಾರೆ. ಸೇವೆ ಮಾಡುವವರೂ ಪ್ರಶ್ನೆಯನ್ನು ಅವಿಶ್ವಾಸವೆಂದು ನೊಂದುಕೊಳ್ಳುತ್ತಾರೆ. ಸೇವೆ ನಿಷ್ಕಾಮವಾಗಿದ್ದ ಮಾತ್ರಕ್ಕೆ ಹಾಸಿಗೆ ಹುಣ್ಣು ಆಗದೆ ಇರುವುದಿಲ್ಲ. ಉಚಿತವಾಗಿ ಬಡಿಸಿದ ಅನ್ನವೂ ಹಲ್ಲಿಲ್ಲದ ಬಾಯಿಗೆ ಗಟ್ಟಿಯಾಗಿರಬಹುದು.

ಆದಕಾರಣ ಧರ್ಮಸಂಸ್ಥೆಗಳ ವೃದ್ಧಾಶ್ರಮಗಳ ವ್ಯವಸ್ಥಾಪಕರಲ್ಲಿ ನಮ್ಮ ನಿವೇದನೆ ಇಷ್ಟು. ಎರಡು ತಿಂಗಳಿಗೊಮ್ಮೆ, ದೂರದ ಊರುಗಳವರಿಗೂ ಅನುಕೂಲವಾಗುವ ಒಂದು ಭಾನುವಾರ, ನಿವಾಸಿಗಳ ಮನೆಯವರೂ ಆಪ್ತರೂ ಸೇರುವಂತಾಗಲಿ. ವಿದೇಶದಲ್ಲಿರುವವರು ವಿಡಿಯೊ ಕರೆಯ ಮೂಲಕ ಸೇರಬಹುದು. ಮೊದಲ ಒಂದು ಗಂಟೆ ವ್ಯವಸ್ಥಾಪಕರು ಹೊರಗಿರಲಿ. ಮನೆಯವರು ಬರೆದು ಕೊಟ್ಟ ಮಾತುಗಳಿಗೆ 10 ದಿನಗಳಲ್ಲಿ ಬರಹದಲ್ಲಿ ಉತ್ತರ ಕೊಡುವ ಪರಿಪಾಠವಿರಲಿ. ಆಗದು ಎಂಬ ಉತ್ತರವಾದರೆ ಏಕೆ ಆಗದೆಂಬುದೂ ಅದರಲ್ಲಿರಲಿ. ಮನೆಯವರಿಲ್ಲದ ನಿವಾಸಿಗಳಿಗಾಗಿ ಊರಿನ ಅಕ್ಕನ ಬಳಗದಿಂದಲೋ ಕದಳಿ ವೇದಿಕೆಯಿಂದಲೋ ಇಬ್ಬರನ್ನು ಸಭೆಗೆ ಕರೆಯಬಹುದು. ಸಭೆಯ ನಡಾವಳಿಯ ಒಂದು ಪ್ರತಿ ನೆರೆಯ ಜಿಲ್ಲೆಯ ಆಶ್ರಮಕ್ಕೂ ಹೋಗಲಿ.