‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನೋ ಮಾತು ಹಾಸಿಗೆಗೆ ಬೇಡ

ಮೊದಲ ಸಂಬಳ ಬಂದಾಗ ಮನೆಗೆ ಏನು ಕೊಡಿಸೋದು ಅನ್ನೋ ಚರ್ಚೆ ಪ್ಲೇಸ್‌ಮೆಂಟ್ ಮುಗಿದ ಮೇಲೆ ಎಲ್ಲಾ ಹಾಸ್ಟೆಲ್‌ಗಳಲ್ಲೂ ನಡೆಯುತ್ತೆ. ಅಮ್ಮನಿಗೆ ಸೀರೆ, ಅಪ್ಪನಿಗೆ ಫೋನ್ ಅನ್ನೋ ಹಳೇ ಪಟ್ಟಿಗೆ ಈಗ ಲ್ಯಾಟೆಕ್ಸ್ ಹಾಸಿಗೆಯೂ ಸೇರಿಕೊಂಡಿದೆ. ಕಾರಣ ಗೊತ್ತಿರೋದೇ. ಅಪ್ಪನಿಗೆ ಬೆನ್ನು ನೋವು, ಅಮ್ಮನಿಗೆ ಭುಜ ನೋವು, ಮನೆಯ ಹತ್ತಿ ಹಾಸಿಗೆ ನಡುವೆ ಗುಂಡಿ ಬಿದ್ದಿದೆ. ಸಂಬಳ ಇನ್ನೂ ಬರದಿದ್ದರೂ ಮನೆಯಿಂದ ಫೋನ್ ಅಂತೂ ಬರುತ್ತೆ: “ನೀನು ಇಂಜಿನಿಯರಿಂಗ್ ಓದ್ತಿದೀಯಲ್ಲ, ಯಾವ ಹಾಸಿಗೆ ಒಳ್ಳೇದು ನೋಡಿ ಹೇಳು.”

ನಾವು ತಕ್ಷಣ ರಿವ್ಯೂ ಓದೋಕೆ ಕೂರ್ತೀವಿ. ನನ್ನ ಪ್ರಕಾರ ಅದಕ್ಕೂ ಮುಂಚೆ ಪ್ರಶ್ನೆಯನ್ನೇ ತಿದ್ದಬೇಕು. ‘ಯಾವುದು ಒಳ್ಳೇದು’ ಅಲ್ಲ, ‘ಯಾರಿಗೆ ಯಾವುದು ಒಳ್ಳೇದು’. ಒಂದೇ ಮಂಚದ ಮೇಲೆ ಮಲಗೋ ಇಬ್ಬರ ದೇಹ ಒಂದೇ ಅಲ್ಲ ಅಂದ್ಮೇಲೆ ಹಾಸಿಗೆ ಯಾಕೆ ಒಂದೇ ಇರಬೇಕು?

ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬಿನ ಸ್ಪ್ರಿಂಗ್ ನೆನಪಿಸಿಕೊಳ್ಳಿ. ಸ್ಪ್ರಿಂಗ್ ಒಂದೇ, ತೂಕ ಬೇರೆ ಬೇರೆ ಹಾಕಿದರೆ ಇಳಿಯೋ ದೂರವೂ ಬೇರೆ. ಫೋಮ್ ಪೂರ್ತಿ ಲೀನಿಯರ್ ಅಲ್ಲ, ಆದರೆ ವಿಷಯ ಅದೇ. 80 ಕೆ.ಜಿ. ಇರೋ ಅಪ್ಪನಿಗೆ ‘ಮೀಡಿಯಂ’ ಅನ್ನಿಸೋ ಹಾಸಿಗೆ 52 ಕೆ.ಜಿ. ಇರೋ ಅಮ್ಮನಿಗೆ ಗಟ್ಟಿ. ಅದರ ಜೊತೆಗೆ ಮಲಗೋ ಭಂಗಿಯೂ ಸೇರುತ್ತೆ. ಮಗ್ಗುಲಾಗಿ ಮಲಗೋರ ಭಾರ ಭುಜ ಮತ್ತು ಸೊಂಟದ ಮೂಳೆ ಮೇಲೆ ಬೀಳುತ್ತೆ. ಆ ಎರಡು ಜಾಗ ಸ್ವಲ್ಪ ಒಳಗಿಳಿಯಬೇಕು, ಅಂದರೆ ಮೇಲ್ಪದರ ಮೆತ್ತಗಿರಬೇಕು. ಅಂಗಾತ ಅಥವಾ ಬೋರಲು ಮಲಗೋರಿಗೆ ಸೊಂಟ ಕುಸಿಯದಂತೆ ಆಸರೆ ಬೇಕು.

ಈ ಗಟ್ಟಿತನವನ್ನ ಅಳೆಯೋಕೆ ಐ.ಎಲ್.ಡಿ. ಅನ್ನೋ ಅಂಕಿ ಇದೆ. 8 ಇಂಚು ವ್ಯಾಸದ ದುಂಡು ತಟ್ಟೆಯನ್ನ ಫೋಮಿನ ಮೇಲಿಟ್ಟು, ದಪ್ಪದ ಶೇ. 25ರಷ್ಟು ಒಳಗೆ ಒತ್ತೋಕೆ ಎಷ್ಟು ಪೌಂಡ್ ಬಲ ಬೇಕು ಅನ್ನೋದೇ ಆ ಅಂಕಿ. ಲ್ಯಾಟೆಕ್ಸ್‌ನಲ್ಲಿ ಸುಮಾರು 20ರ ಆಸುಪಾಸು ಅಂದ್ರೆ ಮೆತ್ತಗೆ, 35 ದಾಟಿದರೆ ಗಟ್ಟಿ. ಈಗ ಅಪ್ಪನಿಗೆ 35 ಬೇಕು, ಅಮ್ಮನಿಗೆ 20 ಬೇಕು ಅಂದ್ಕೊಳ್ಳಿ. ಅಂಗಡಿಯವರು “ಮೀಡಿಯಂ ತಗೊಳ್ಳಿ ಸಾರ್, ಇಬ್ಬರಿಗೂ ಆಗುತ್ತೆ” ಅಂತಾರೆ. ಸರಾಸರಿ 27.5. ಅಪ್ಪನ ಚಪ್ಪಲಿ ಸೈಜ್ 10, ಅಮ್ಮನದು 6 ಅಂತ ಇಬ್ಬರಿಗೂ 8 ತಂದು ಕೊಡ್ತೀವಾ? ಹಾಸಿಗೆ ವಿಷಯದಲ್ಲಿ ಮಾತ್ರ ಯಾಕೆ ಒಪ್ಕೋತೀವಿ?

ನಿಜ ಹೇಳಬೇಕಂದ್ರೆ ಎಷ್ಟೋ ಮನೆಗಳಲ್ಲಿ ಆ ಸರಾಸರಿಯೂ ಸಿಗಲ್ಲ. ಅಪ್ಪನ ಬೆನ್ನು ನೋವು ಮನೆಯವರಿಗೆಲ್ಲ ಗೊತ್ತಿರುತ್ತೆ, ಅಮ್ಮನ ಭುಜ ನೋವು ಅವರೊಬ್ಬರಿಗೇ ಗೊತ್ತಿರುತ್ತೆ. ಹಾಗಾಗಿ ಬೆನ್ನಿಗೆ ಅಂತ ಕಲ್ಲಿನಂಥ ಹಾಸಿಗೆ ಬರುತ್ತೆ, ಅಮ್ಮ ಅದರ ಮೇಲೆ ಎರಡು ರಜಾಯಿ ಹಾಸ್ಕೊಂಡು ಮಲಗ್ತಾರೆ. ಇದನ್ನ ನಾವು ‘ಹೊಂದಾಣಿಕೆ’ ಅಂತ ಕರೀತೀವಿ. ಬಸ್ಸಿನ ಸೀಟಲ್ಲಿ ಅರ್ಧ ಗಂಟೆ ಅಡ್ಜಸ್ಟ್ ಮಾಡ್ಕೊಳ್ಳೋದು ಬೇರೆ, ದಿನಕ್ಕೆ ಏಳೆಂಟು ಗಂಟೆಯಂತೆ ಹತ್ತು ವರ್ಷ ಅಡ್ಜಸ್ಟ್ ಮಾಡ್ಕೊಳ್ಳೋದು ಬೇರೆ.

ಇಲ್ಲಿ ಇನ್ನೊಂದು ನಂಬಿಕೆಯನ್ನೂ ಪರೀಕ್ಷೆ ಮಾಡಬೇಕು. ಬೆನ್ನು ನೋವು ಅಂದ್ರೆ ಗಟ್ಟಿ ಹಾಸಿಗೆ, ಇಲ್ಲಾಂದ್ರೆ ನೆಲದ ಮೇಲೆ ಚಾಪೆ ಅಂತ ದೊಡ್ಡವರು ಹೇಳ್ತಾರೆ. 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಸ್ಪೇನ್‌ನ ಒಂದು ಅಧ್ಯಯನ ಬಂತು. ಬಹುಕಾಲದಿಂದ ಸೊಂಟ ನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಟ್ಟಿ ಹಾಸಿಗೆ ಕೊಟ್ಟರು. ಯಾರಿಗೆ ಯಾವುದು ಅಂತ ಅವರಿಗೆ ಹೇಳಲಿಲ್ಲ. 90 ದಿನ ಆದ ಮೇಲೆ ನೋವು ಹೆಚ್ಚು ಕಡಿಮೆಯಾದದ್ದು ಮಧ್ಯಮ ಗಟ್ಟಿ ಹಾಸಿಗೆ ಸಿಕ್ಕವರಿಗೆ. ಅಂದರೆ ಅಪ್ಪನಿಗೋಸ್ಕರ ತಂದ ಕಲ್ಲಿನಂಥ ಹಾಸಿಗೆ ಅಪ್ಪನಿಗೇ ಸರಿ ಹೋಗದೆ ಇರಬಹುದು. ನೋವು ಜಾಸ್ತಿ ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಹಾಸಿಗೆ ಔಷಧಿ ಅಲ್ಲ.

ಹಾಗಾದ್ರೆ ಏನು ಮಾಡಬೇಕು? ಒಂದು ಕಿಂಗ್ ಸೈಜ್ ಬದಲು ಎರಡು ಸಿಂಗಲ್ ತಗೊಳ್ಳಿ, ಗಟ್ಟಿತನ ಬೇರೆ ಬೇರೆ, ದಪ್ಪ ಒಂದೇ. 78 x 36 ಇಂಚಿನ ಎರಡನ್ನ ಪಕ್ಕಪಕ್ಕ ಇಟ್ಟರೆ ಸರಿಯಾಗಿ 78 x 72. ಮಂಚ 72 ಅಥವಾ 75 ಇಂಚು ಉದ್ದದ್ದೂ ಇರುತ್ತೆ, ಮೊದಲು ಟೇಪ್ ಹಿಡಿದು ಅಳತೆ ಮಾಡಿ. ಮಂಚ 60 ಇಂಚು ಅಗಲ ಇದ್ದರೆ ತಲಾ 30 ಇಂಚು ಇಕ್ಕಟ್ಟಾಗುತ್ತೆ. ಆಗ ಕೆಳಗೆ ಒಂದೇ ಗಟ್ಟಿ ಪದರ, ಮೇಲೆ ಎರಡು ಇಂಚಿನ ಪದರ ಮಾತ್ರ ಎರಡು ಭಾಗ ಮಾಡಿಸಬಹುದು. ಜಿಪ್ ಕವರ್ ಒಳಗೆ ಬಿಡಿ ಪದರಗಳಿರೋ ಹಾಸಿಗೆ ಸಿಕ್ಕರೆ ಇನ್ನೂ ಒಳ್ಳೇದು. ವಯಸ್ಸಾದಂತೆ ದೇಹ ಬದಲಾದರೆ ಪದರ ಅದಲು ಬದಲು ಮಾಡಿದರಾಯ್ತು.

ತೂಕದ ಲೆಕ್ಕವನ್ನೂ ಮಾಡಿ ನೋಡಿ. 78 x 72 x 6 ಇಂಚು ಅಂದ್ರೆ ಸುಮಾರು 0.55 ಘನ ಮೀಟರ್. ಡೆನ್ಸಿಟಿ 80 ಕೆ.ಜಿ. ಅಂತ ಹಿಡಿದರೆ ಹಾಸಿಗೆ 44 ಕೆ.ಜಿ. ಬೆಡ್‌ಶೀಟ್ ಸಿಗಿಸೋಕೆ ಅದರ ಮೂಲೆ ಎತ್ತೋರು ಯಾರು? ಭುಜ ನೋವಿರೋ ಅಮ್ಮ. ಎರಡು ಭಾಗ ಮಾಡಿದರೆ ತಲಾ 22 ಕೆ.ಜಿ. ಜಾಹೀರಾತಲ್ಲಿ ಈ ಅಂಕಿಗೆ ಯಾರೂ ದೊಡ್ಡ ಅಕ್ಷರ ಕೊಡಲ್ಲ.

ಕೊಳ್ಳೋವಾಗ ಕೇಳಬೇಕಾದದ್ದು ಕೆಲವಿದೆ. ‘ಲ್ಯಾಟೆಕ್ಸ್ ಹಾಸಿಗೆ’ ಅಂತ ಮಾರೋ ಎಷ್ಟೋ ಹಾಸಿಗೆಗಳಲ್ಲಿ ಲ್ಯಾಟೆಕ್ಸ್ ಇರೋದು ಮೇಲಿನ ಒಂದೆರಡು ಇಂಚು, ಕೆಳಗೆಲ್ಲ ಮಾಮೂಲಿ ಪಿಯು ಫೋಮ್. ಅದೇನು ಮೋಸ ಅಲ್ಲ, ಆದರೆ ಗೊತ್ತಿದ್ದು ದುಡ್ಡು ಕೊಡಬೇಕು. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಚಿಪ್ಪಿಗೆ ಇಳಿಯೋ ರಬ್ಬರ್ ಹಾಲೇ ನ್ಯಾಚುರಲ್ ಲ್ಯಾಟೆಕ್ಸ್. ಅದಕ್ಕೆ ಸಿಂಥೆಟಿಕ್ ಬೆರೆಸಿದ್ದೂ ಮಾರ್ಕೆಟ್‌ನಲ್ಲಿದೆ. ಪದರ ಎಷ್ಟು, ಯಾವುದರದ್ದು, ಡೆನ್ಸಿಟಿ ಎಷ್ಟು ಅಂತ ಬಿಲ್‌ನಲ್ಲೇ ಬರೆಸಿಕೊಳ್ಳಿ. ಐ.ಎಲ್.ಡಿ. ಎಲ್ಲರೂ ಹೇಳಲ್ಲ, ಆದರೆ ಲ್ಯಾಟೆಕ್ಸ್‌ನಲ್ಲಿ ಡೆನ್ಸಿಟಿ ಹೆಚ್ಚಿದಷ್ಟೂ ಸಾಮಾನ್ಯವಾಗಿ ಗಟ್ಟಿ. ರಬ್ಬರ್ ಅಲರ್ಜಿ ಇರೋರು ಮನೆಯಲ್ಲಿದ್ದರೆ ಇದರ ಸಹವಾಸವೇ ಬೇಡ. ಹತ್ತಿ ಹಾಸಿಗೆ ತರ ಇದನ್ನ ತಾರಸಿ ಮೇಲೆ ಬಿಸಿಲಿಗೂ ಹಾಕಬಾರದು. ಬಿಸಿಲು ಬಿದ್ದರೆ ರಬ್ಬರ್ ಪುಡಿ ಪುಡಿ ಆಗುತ್ತೆ.

ವಿರೋಧ ಬರುತ್ತೆ. “ನಡುವೆ ಸಂದು ಬೀಳುತ್ತೆ” ಅಂತಾರೆ. ನಿಜ. ಎರಡನ್ನೂ ಸೇರಿಸಿ ಒಂದೇ ಕವರ್ ಹಾಕಿದರೆ ಅಥವಾ ಮೇಲೆ ತೆಳ್ಳಗಿನ ಹತ್ತಿ ಹಾಸು ಹಾಕಿದರೆ ಅದು ಅಷ್ಟಾಗಿ ಗೊತ್ತಾಗಲ್ಲ. ಸಂದಿನಿಂದ ಲಾಭವೂ ಇದೆ. ಲ್ಯಾಟೆಕ್ಸ್ ಪುಟಿಯೋ ವಸ್ತು, ಒಬ್ಬರು ಹೊರಳಿದರೆ ಇನ್ನೊಬ್ಬರಿಗೆ ಗೊತ್ತಾಗುತ್ತೆ. ಎರಡು ಭಾಗ ಇದ್ದರೆ ಆ ಅಲುಗಾಟ ಅಲ್ಲೇ ನಿಲ್ಲುತ್ತೆ, ರಾತ್ರಿ ಮೂರು ಸಲ ಏಳೋ ಅಪ್ಪನಿಂದ ಅಮ್ಮನ ನಿದ್ದೆ ಕೆಡಲ್ಲ. ಖರ್ಚಲ್ಲಿ ಕವರ್‌ಗೆ ಸ್ವಲ್ಪ ಹೆಚ್ಚಾಗಬಹುದು. ಎರಡೂ ಬಗೆಯ ರೇಟ್ ಕೇಳಿ ಹೋಲಿಸಿ. ಇನ್ನು “ಗಂಡ ಹೆಂಡತಿಗೆ ಬೇರೆ ಬೇರೆ ಹಾಸಿಗೆ ಅಂದ್ರೆ ಏನು ಜಗಳಾನಾ” ಅಂತ ಕೇಳೋ ನೆಂಟರಿಗೆ ಬೆಡ್‌ಶೀಟೇ ಉತ್ತರ. ಅದು ಒಂದೇ ಇರುತ್ತೆ, ಅದರ ಕೆಳಗೆ ಏನಿದೆ ಅಂತ ಯಾರಿಗೆ ಕಾಣುತ್ತೆ?

ನಮ್ಮ ಪಾತ್ರ ಇರೋದು ಅಂಗಡಿಯಲ್ಲಿ. ಕೈಯಲ್ಲಿ ಒತ್ತಿ ನೋಡಿ ವಾಪಸ್ ಬರೋದು ಟೆಸ್ಟಿಂಗ್ ಅಲ್ಲ. ಇಬ್ಬರೂ ಬೇರೆ ಬೇರೆಯಾಗಿ, ತಾವು ದಿನಾ ಮಲಗೋ ಭಂಗಿಯಲ್ಲೇ ಹತ್ತು ಹದಿನೈದು ನಿಮಿಷ ಮಲಗಲಿ. ಮಗ್ಗುಲಾಗಿ ಮಲಗಿದಾಗ ಹಿಂದಿನಿಂದ ಒಂದು ಫೋಟೋ ತೆಗೀರಿ. ಬೆನ್ನುಮೂಳೆ ನೇರ ಇದ್ದರೆ ಸರಿ, ಸೊಂಟ ಕುಸಿದಿದ್ದರೆ ಮೆತ್ತಗಾಯ್ತು, ಭುಜ ಎತ್ತರಕ್ಕೆ ನಿಂತಿದ್ದರೆ ಗಟ್ಟಿಯಾಯ್ತು. ಟ್ರಯಲ್ ಅವಧಿ ಇದ್ದರೆ ಒಂದು ಭಾಗವನ್ನ ಮಾತ್ರ ಬದಲಾಯಿಸಿ ಕೊಡ್ತಾರಾ ಅಂತ ಮೊದಲೇ ಕೇಳಿ.

ಅಂಗಡಿಗೆ ಹೊರಡೋ ಮುಂಚೆ ಅಮ್ಮನನ್ನ ಒಬ್ಬರನ್ನೇ ಕೂರಿಸಿ, ಎಲ್ಲಿ ನೋಯುತ್ತೆ, ಹೇಗೆ ಮಲಗ್ತೀರ, ರಾತ್ರಿ ಎಷ್ಟು ಸಲ ಎಚ್ಚರ ಆಗುತ್ತೆ ಅಂತ ಕೇಳಿ. “ನಂದೇನಪ್ಪಾ, ಯಾವುದಾದ್ರೂ ಆಗುತ್ತೆ, ನಿಮ್ಮಪ್ಪನಿಗೆ ಸರಿ ಹೋದ್ರೆ ಸಾಕು” ಅಂತ ಹೇಳೇ ಹೇಳ್ತಾರೆ. ಅದನ್ನ ರೀಡಿಂಗ್ ಅಂತ ಅಬ್ಸರ್ವೇಶನ್ ಬುಕ್ಕಿಗೆ ಬರ್ಕೋಬೇಡಿ. ಇನ್ನೊಂದು ಸಲ ಕೇಳಿ.